ತಮ್ಮನ ಮಾತ್ರೆ ನಿಲ್ಲಿಸಬೇಡಿ

ಪ್ರಶ್ನೆ: ನನ್ನ ತಮ್ಮನಿಗೆ 24 ವರ್ಷ. ಕೆಲಸ ಕಳೆದುಕೊಂಡು ಊರಿಗೆ ಬಂದ ಮೇಲೆ ಕೋಣೆ ಬಿಟ್ಟು ಹೊರಗೆ ಬರುವುದಿಲ್ಲ, ಊಟ ಸೇರುವುದಿಲ್ಲ. ಡಾಕ್ಟರು ಖಿನ್ನತೆ ಎಂದು ಹೇಳಿ ಮಾತ್ರೆ ಕೊಟ್ಟು ಹತ್ತು ದಿನವಾಯಿತು. ಮನೆ ಪ್ರಾರ್ಥನೆಗೆ ಬರುವವರು, "ವಿಶ್ವಾಸ ಕುಂದಿದ್ದರಿಂದಲೇ ಹೀಗಾಗಿದೆ. ಮಾತ್ರೆ ಬಿಡಿಸಿ, ಅವನನ್ನು ಕೂರಿಸಿ ಮೂರು ದಿನ ಉಪವಾಸ ಪ್ರಾರ್ಥನೆ ಮಾಡೋಣ" ಎನ್ನುತ್ತಾರೆ. ಅಮ್ಮನಿಗೂ ಅದೇ ಸರಿ ಎನಿಸಿದೆ. ಮೊನ್ನೆ ಅವನು, "ನಾನು ಇಲ್ಲದಿದ್ದರೆ ನಿಮಗೆಲ್ಲ ಹಗುರ" ಎಂದ. ಕೇಳಿಸದವಳಂತೆ ಎದ್ದು ಬಂದೆ. ಏನು ಮಾಡಲಿ?
– ಹೆಸರು ಬೇಡ, ಉಡುಪಿ ಜಿಲ್ಲೆ

ಉತ್ತರ: ತಂಗಿ, ಅವನ ಆ ಮಾತಿನಿಂದಲೇ ಶುರುಮಾಡುತ್ತೇನೆ, ಉಳಿದದ್ದೆಲ್ಲ ಆಮೇಲೆ. ಇವತ್ತೇ ಅವನ ಪಕ್ಕದಲ್ಲಿ ಕುಳಿತು, "ಸಾಯಬೇಕು ಅನ್ನುವ ಯೋಚನೆ ಬರುತ್ತಿದೆಯಾ?" ಎಂದು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂದು ಎಲ್ಲರೂ ಅಂಜುತ್ತಾರೆ, ಹಾಗಾಗುವುದಿಲ್ಲ. ಮನೋರೋಗ ವಾರ್ಡಿನಲ್ಲಿ ನರ್ಸ್ ಆಗಿದ್ದಾಗ ಈ ಪ್ರಶ್ನೆಯನ್ನು ಎಷ್ಟೋ ಮಂದಿಗೆ ಕೇಳಿದ್ದೇನೆ. ಅದುವರೆಗೆ ಗೋಡೆ ನೋಡುತ್ತಿದ್ದವರು ಅಳುತ್ತಾ ಮಾತಿಗೆ ತೊಡಗುತ್ತಿದ್ದರು.

ಅವನು ಹೌದು ಎಂದರೆ ಗದರಬೇಡಿ, ನರಕದ ಹೆದರಿಕೆ ಹಾಕಬೇಡಿ, ಅಮ್ಮನ ಮೇಲೆ ಆಣೆ ಮಾಡಿಸಬೇಡಿ. ಒಬ್ಬನನ್ನೇ ಬಿಡಲೂಬೇಡಿ. ತೋಟಕ್ಕೆ ಹೊಡೆಯುವ ಔಷಧಿ ಮನೆಯಲ್ಲಿದ್ದರೆ ಇಂದೇ ನೆಂಟರ ಮನೆಗೆ ಸಾಗಿಸಿ. ಮಾತ್ರೆಗಳು ನಿಮ್ಮ ಕೈಯಲ್ಲಿರಲಿ, ಹೊತ್ತು ಹೊತ್ತಿಗೆ ನೀವೇ ಕೊಡಿ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅವನು ಒಲ್ಲೆನೆಂದರೆ ನೀವೇ ಕರೆ ಮಾಡಿ. ಅಪಾಯ ಕಣ್ಣೆದುರೇ ಇದೆ ಎನಿಸಿದರೆ 112ಕ್ಕೆ ಫೋನ್ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.

ಇನ್ನು ಮಾತ್ರೆ. ಇದು ಜ್ವರದ ಮಾತ್ರೆಯಂತೆ ಬೆಳಿಗ್ಗೆ ನುಂಗಿದರೆ ಸಂಜೆಗೆ ಗುಣ ಕಾಣಿಸುವಂಥದ್ದಲ್ಲ. ಕೆಲವು ವಾರ ಬೇಕು. ಅವನ ವಯಸ್ಸಿನವರಲ್ಲಿ ಶುರುವಿನ ದಿನಗಳಲ್ಲಿ ಚಡಪಡಿಕೆಯೂ ಸಾವಿನ ಯೋಚನೆಯೂ ಹೆಚ್ಚುವುದುಂಟು. ಆದ್ದರಿಂದ ಅವನು ಆಡಿದ ಮಾತನ್ನು ಮುಂದಿನ ಭೇಟಿಯವರೆಗೆ ಇಟ್ಟುಕೊಳ್ಳದೆ ಇಂದೇ ಡಾಕ್ಟರಿಗೆ ತಿಳಿಸಿ. ಬದಲಿಸುವುದೋ ನಿಲ್ಲಿಸುವುದೋ ಅವರು ಹೇಳಬೇಕು, ಪ್ರಾರ್ಥನೆಗೆ ಬಂದವರಲ್ಲ.

ವಿಶ್ವಾಸ ಕುಂದಿತು ಎಂಬ ಮಾತು ನನ್ನನ್ನು ನೋಯಿಸಿತು. ಅಮ್ಮನ ಜೊತೆ ಕುಳಿತು ಬೈಬಲಿನ ಒಂದನೆಯ ಅರಸುಗಳು 19ನೇ ಅಧ್ಯಾಯ ಓದಿ. ಕರ್ಮೆಲ್ ಬೆಟ್ಟದಲ್ಲಿ ಆಕಾಶದಿಂದ ಬೆಂಕಿ ಇಳಿದದ್ದನ್ನು ಕಂಡ ಪ್ರವಾದಿ ಎಲೀಯ, ಅದರ ಬೆನ್ನಿಗೇ ಅಡವಿಗೆ ಓಡಿ, ಗಿಡದ ಕೆಳಗೆ ಕುಳಿತು ಸಾವನ್ನು ಬೇಡಿಕೊಂಡ. ಅವನಿಗೆ ವಿಶ್ವಾಸ ಇರಲಿಲ್ಲವೇ? ದೇವದೂತ ಬಂದು ಬೈಯಲಿಲ್ಲ. ಮುಟ್ಟಿ ಎಬ್ಬಿಸಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕೊಟ್ಟ. ತಿಂದು ಮಲಗಿದವನನ್ನು ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದ. ಊಟವೇ ಸೇರದ ಹುಡುಗನನ್ನು ಉಪವಾಸ ಕೂರಿಸುವುದಕ್ಕೆ ನಾನು ಖಂಡಿತ ಒಪ್ಪುವುದಿಲ್ಲ. ಉಪವಾಸ ಬೇಕೆನಿಸಿದವರು ತಾವು ಮಾಡಲಿ. ಅವನಿಗೆ ಬಿಸಿ ಗಂಜಿ ಬಡಿಸಿ.

ಸಭೆಯವರನ್ನು ದೂರ ಮಾಡಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ನಾನೂ ಪ್ರತಿ ಭಾನುವಾರ ಆರಾಧನೆಗೆ ಹೋಗುವವಳು. 1953ರಲ್ಲಿ ಲಂಡನ್ನಿನಲ್ಲಿ ಚಾಡ್ ವಾರಾ ಎಂಬ ಆಂಗ್ಲಿಕನ್ ಪಾದ್ರಿ, ಸಾವಿನ ಯೋಚನೆಯಲ್ಲಿದ್ದವರಿಗಾಗಿ ಚರ್ಚಿನಲ್ಲೇ ಒಂದು ಫೋನ್ ಇಟ್ಟರು. ಅವರನ್ನು ಕಾಣಲು ಕಾದು ಕುಳಿತವರಿಗೆ ಸ್ವಯಂಸೇವಕರು ಚಹಾ ಕೊಟ್ಟು ಮಾತಾಡಿಸುತ್ತಿದ್ದರು. ಎಷ್ಟೋ ಮಂದಿಗೆ ಅಷ್ಟೇ ಸಾಕಾಗಿ, ಪಾದ್ರಿಯನ್ನು ಕಾಣುವ ಅಗತ್ಯವೇ ಬೀಳಲಿಲ್ಲ. ಸಮಾರಿಟನ್ಸ್ ಸಂಸ್ಥೆ ಬೆಳೆದದ್ದು ಹಾಗೆ. ಕರೆ ಮಾಡಿದವರಿಗೆ ಧರ್ಮಬೋಧೆ ಮಾಡಕೂಡದು ಎಂಬುದು ಅಲ್ಲಿಯ ನಿಯಮ. ನಿಮ್ಮ ಪ್ರಾರ್ಥನೆಯ ಗುಂಪಿನಲ್ಲೂ ಅಂಥ ಒಬ್ಬರು ಇದ್ದೇ ಇರುತ್ತಾರೆ. ಸಂಜೆ ಬಂದು ಅವನೊಡನೆ ಅರ್ಧ ಗಂಟೆ ಕುಳಿತುಕೊಳ್ಳಲು ಅವರನ್ನು ಕೇಳಿ. ಅವನು ಮಾತಾಡದಿದ್ದರೆ ಸುಮ್ಮನಿದ್ದರೂ ಆಯಿತು.

ಅಮ್ಮನನ್ನು ಒಪ್ಪಿಸುವುದು ನಿಮಗೆ ಕಷ್ಟವಾಗಬಹುದು, ಸಭಾಪಾಲಕರ ಮಾತನ್ನು ಅವರು ತೆಗೆದುಹಾಕಲಾರರು. ತಮ್ಮ ಒಪ್ಪಿದರೆ ಡಾಕ್ಟರ ಬಳಿಗೆ ಸಭಾಪಾಲಕರನ್ನೂ ಕರೆದುಕೊಂಡು ಹೋಗಿ. ಮಾತ್ರೆಯ ಬಗ್ಗೆ ಅವರಿಗೇ ಅನುಮಾನವಿದ್ದರೆ ಅಲ್ಲೇ ಕೇಳಿ ತಿಳಿದುಕೊಳ್ಳಲಿ.