ಪಾರ್ಟ್ಸ್ ಆನ್‌ಲೈನಿಂದ, ಗ್ಯಾರಂಟಿ ಮಾತ್ರ ಊರಿನ ಮೆಕ್ಯಾನಿಕ್ಕಿಂದ!

ಪ್ರಶ್ನೆ: ಬೈಕಿನ ಬ್ರೇಕ್ ಪ್ಯಾಡ್, ಚೈನ್ ಸ್ಪ್ರಾಕೆಟ್ ಕಿಟ್ ಆನ್‌ಲೈನಲ್ಲಿ ಕಡಿಮೆಗೆ ಸಿಗುತ್ತದೆ. ತಂದುಕೊಟ್ಟರೆ ಊರಿನ ಗ್ಯಾರೇಜಿನವರು ಮುಖ ಸಿಂಡರಿಸುತ್ತಾರೆ, ಮಜೂರಿಯೂ ಜಾಸ್ತಿ ಕೇಳುತ್ತಾರೆ. ಇದು ಸುಲಿಗೆಯಲ್ಲವೇ? (ಸುರತ್ಕಲ್‌ನ ಓದುಗರು)

ಉತ್ತರ: ಮಳೆ ಹಿಡಿದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ನಾನೂ ಗ್ಯಾರೇಜಿನವನೇ, ನನ್ನ ಹೊಟ್ಟೆಪಾಡೂ ಇದರಲ್ಲಿದೆ. ಅದನ್ನು ಗಮನದಲ್ಲಿಟ್ಟೇ ಓದಿ.

ನೀವು ತಂದ ಪ್ಯಾಡ್ ಹಾಕಿಕೊಟ್ಟೆ ಎನ್ನಿ. ತಿಂಗಳಾದ ಮೇಲೆ ಬ್ರೇಕ್ ಕಿರುಗುಟ್ಟಿದರೆ ನೀವು ವೆಬ್‌ಸೈಟಿಗೆ ಹೋಗುವುದಿಲ್ಲ ಮಾರಾಯ್ರೆ, ನನ್ನ ಅಂಗಳಕ್ಕೇ ಬರುತ್ತೀರಿ. ಮತ್ತೆ ಬಿಚ್ಚಿ ನೋಡುವ ಆ ಕೆಲಸದ ಕೂಲಿ ನನಗೆ ಪಾರ್ಟ್ಸಿನಲ್ಲಿ ಉಳಿಯುವ ನಾಲ್ಕು ಕಾಸಿನಿಂದಲೇ ಹುಟ್ಟಬೇಕು. ಆ ಕಾಸನ್ನೂ ನೀವೇ ಉಳಿಸಿಕೊಂಡಿದ್ದೀರಿ, ಅದಕ್ಕೇ ಮಜೂರಿ ಏರಿತು. ಇದರಲ್ಲಿ ಸುಲಿಗೆ ಎಲ್ಲಿ ಬಂತು?

ಇನ್ನು ಪಾರ್ಟ್ಸ್. ಒಂದೇ ಹೆಸರಿನ ಬೈಕಿನಲ್ಲೂ ಹೊಗೆಯ ಹಳೇ ನಿಯಮದ ಬಿಎಸ್4ರದ್ದು ಬೇರೆ, ಹೊಸ ನಿಯಮದ ಬಿಎಸ್6ರದ್ದು ಬೇರೆ ಇರಬಹುದು. ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇದ್ದದ್ದಕ್ಕೂ ಇಲ್ಲದ್ದಕ್ಕೂ ವ್ಯತ್ಯಾಸ ಇರಬಹುದು. ಕೌಂಟರಿನವನು ಹಳೆಯದನ್ನು ಹೊಸದರ ಪಕ್ಕ ಇಟ್ಟು ನೋಡಿಯೇ ಕೊಡುತ್ತಾನೆ. ತಪ್ಪಾದರೆ ಸಂಜೆಯೊಳಗೆ ಬದಲಿ. ನಿಮ್ಮ ಪಾರ್ಸೆಲ್? ಶಿರಾಡಿಯಲ್ಲಿ ಗುಡ್ಡ ಜರಿದರೆ ಘಾಟಿಯ ಆಚೆಯೇ ಕೂತಿರುತ್ತದೆ.

ಕಳೆದ ಮಳೆಗಾಲದಲ್ಲಿ ಒಬ್ಬರು ಫ್ಯೂಯಲ್ ಪಂಪ್ ಹಿಡಿದುಕೊಂಡೇ ಬಂದರು. ಗೇರ್ ಹಾಕಿದ ಕೂಡಲೇ ಎಂಜಿನ್ ಆಫ್ ಆಗುತ್ತದಂತೆ, ಪಂಪ್ ಹೋಗಿದೆ ಎಂದು ವಿಡಿಯೋದಲ್ಲಿ ಹೇಳಿದ್ದಾರಂತೆ. ನಾನು ಮೊದಲು ಕೈ ಹಾಕಿದ್ದು ಸೈಡ್ ಸ್ಟ್ಯಾಂಡ್ ಸ್ವಿಚ್ಚಿಗೆ; ಸ್ಟ್ಯಾಂಡ್ ಕೆಳಗಿರುವಾಗ ಗೇರ್ ಹಾಕಿದರೆ ಎಂಜಿನ್ ಆಫ್ ಮಾಡುವುದು ಅದೇ. ಕನೆಕ್ಟರ್ ಎಳೆದರೆ ಒಳಗಿನ ಪಿನ್ನುಗಳೆಲ್ಲ ಹಸಿರು ಕಿಲುಬು. ಸ್ಟ್ಯಾಂಡ್ ಮೇಲಿದ್ದರೂ ಕೆಳಗಿದೆ ಎಂದೇ ಬೈಕ್ ತಿಳಿದುಕೊಂಡಿತ್ತು. ಕ್ಲೀನರ್ ಹೊಡೆದು ಉಜ್ಜಿ, ಗ್ರೀಸ್ ಹಚ್ಚಿ ಸಿಕ್ಕಿಸಿದೆ, ಮುಗಿಯಿತು. ಪಂಪಿನ ಡಬ್ಬಿ ಒಡೆಯಲೇ ಇಲ್ಲ. ಉಪ್ಪುಗಾಳಿಯಲ್ಲಿ ನಿಲ್ಲುವ ಗಾಡಿಗಳನ್ನು ದಿನಾ ಬಿಚ್ಚುವವನಿಗೆ ಇದು ಮೊದಲು ಹೊಳೆಯುತ್ತದೆ; ದಿಲ್ಲಿಯಲ್ಲಿ ಕೂತು ವಿಡಿಯೋ ಮಾಡುವವನಿಗೆ ಹೊಳೆಯದಿದ್ದರೆ ಅವನ ತಪ್ಪಲ್ಲ.

ಆ ಸ್ವಿಚ್ಚಿನ ವೈರ್ ಕತ್ತರಿಸಿ ಡೈರೆಕ್ಟ್ ಮಾಡಿಕೊಡುವ ಪಂಡಿತರೂ ಇದ್ದಾರೆ. ಅವರ ಹತ್ತಿರ ಹೋಗಲೇಬೇಡಿ. ಸ್ಟ್ಯಾಂಡ್ ಮಡಚಲು ಮರೆತು ಎಡಕ್ಕೆ ತಿರುಗಿಸಿದರೆ ಅದು ರಸ್ತೆಗೆ ತಾಗಿ ನಿಮ್ಮನ್ನು ಎತ್ತಿ ಒಗೆಯುತ್ತದೆ.

ಹಾಗೆಂದು ಊರಿನವನೆಂಬ ಕಾರಣಕ್ಕೆ ಯಾರನ್ನೂ ಸಾಕಬೇಕಾಗಿಲ್ಲ. ಬಿಲ್ ಕೊಡದವನು, ತೆಗೆದ ಹಳೇ ಪಾರ್ಟ್ ತೋರಿಸದವನು, ಕೇಳಿದ್ದಕ್ಕೆಲ್ಲ ‘ಎಂಜಿನ್ ಬಿಚ್ಚಬೇಕು’ ಎನ್ನುವವನು ಪಕ್ಕದ ಮನೆಯವನಾದರೂ ಬಿಟ್ಟುಬಿಡಿ.

ಪ್ರಶ್ನೆ: ಶೋರೂಮಿನಲ್ಲೇ ಸರ್ವಿಸ್ ಮಾಡಿಸಬೇಕೇ? (ಮಣಿಪಾಲ)

ಉತ್ತರ: ವಾರಂಟಿ ಮುಗಿಯುವವರೆಗೆ ಹೌದು, ಬಿಲ್ಲುಗಳನ್ನು ಜೋಪಾನವಾಗಿಡಿ. ಆಮೇಲೆ ಒಂದು ಒಳ್ಳೆಯ ಗ್ಯಾರೇಜ್ ಹಿಡಿದು ಅಲ್ಲೇ ಇರಿ. ಪ್ರತಿ ಸಲ ಅಂಗಡಿ ಬದಲಿಸುವವರ ಗಾಡಿಯ ಚರಿತ್ರೆ ಯಾರಿಗೂ ಗೊತ್ತಿರುವುದಿಲ್ಲ.

ಪ್ರಶ್ನೆ: ಹೊಸ ಬೈಕ್ ಬೆಂಗಳೂರಿನಲ್ಲಿ ಅಗ್ಗವಂತೆ, ಅಲ್ಲಿಂದ ತರಲೇ? (ಕಾಪು)

ಉತ್ತರ: ತನ್ನಿ. ಹೋಗಿಬರುವ ಖರ್ಚು, ಎರಡು ದಿನದ ರಜೆ ಎಲ್ಲ ಸೇರಿಸಿ ಎಷ್ಟು ಉಳಿಯಿತೆಂದು ನನಗೂ ತಿಳಿಸಿ.

ಪ್ರಶ್ನೆ: ತುಕ್ಕು ಹಿಡಿಯದಂತೆ ಬೈಕಿನ ಅಡಿಭಾಗಕ್ಕೆ ಡೀಸೆಲ್ ಹೊಡೆಸಬಹುದೇ? (ಮಲ್ಪೆ)

ಉತ್ತರ: ಬೇಡ. ರಬ್ಬರ್ ಭಾಗಗಳು ಹಾಳಾಗುತ್ತವೆ, ಬ್ರೇಕಿಗೆ ತಾಗಿದರೆ ನೀವೂ.

ಪ್ರಶ್ನೆ: ಟ್ಯಾಂಕಿಗೆ ಹಾಕುವ ಮೈಲೇಜ್ ಗುಳಿಗೆ? (ಬಜಪೆ)

ಉತ್ತರ: ಮಾರುವವನ ಮೈಲೇಜ್ ಹೆಚ್ಚುತ್ತದೆ.

ಪ್ರಶ್ನೆ: ಮನೆಯಲ್ಲಿ ಕಾರಿನ ಎಂಜಿನ್ ಆಯಿಲ್ ಉಳಿದಿದೆ, ಬೈಕಿಗೆ ಹಾಕಲೇ? (ಮೂಡುಬಿದಿರೆ)

ಉತ್ತರ: ಗೇರಿನ ಬೈಕಿಗಾದರೆ ಡಬ್ಬಿಯ ಮೇಲೆ ಜಾಸೋ ಎಂಎ ಅಥವಾ ಎಂಎ2 (ಇಂಥ ಬೈಕಿನ ಕ್ಲಚ್ಚಿಗೆ ಹೊಂದುವ ಆಯಿಲಿನ ಗುರುತು) ಎಂದಿರಬೇಕು, ಇಲ್ಲದಿದ್ದರೆ ಮುಟ್ಟಬೇಡಿ. ಆಗಲೇ ಹಾಕಿಯಾಗಿದ್ದು ಕ್ಲಚ್ ಜಾರುತ್ತಿದ್ದರೆ ಪತ್ರ ಬರೆಯುತ್ತ ಕೂರಬೇಡಿ, ಗಾಡಿಯನ್ನೇ ಹತ್ತಿರದ ಗ್ಯಾರೇಜಿಗೆ ಒಯ್ಯಿರಿ.