ಕೆನ್ನೆಯ ಕೆಂಪು, ಗುಳ್ಳೆ, ಉರಿ: ಯಾವುದಕ್ಕೆ ಯಾವ ಮದ್ದು?

ಓದುಗರ ಪ್ರಶ್ನೆಗಳಿಗೆ ಚರ್ಮದ ವೈದ್ಯೆಯ ಉತ್ತರ

ಪ್ರಶ್ನೆ: ಡಾಕ್ಟರೇ, ನನಗೆ 39 ವರ್ಷ. ಕೆಲವು ವರ್ಷಗಳಿಂದ ಎರಡೂ ಕೆನ್ನೆ, ಮೂಗು ಕೆಂಪಗೇ ಇರುತ್ತವೆ. ಬಿಸಿಲಿಗೆ ಹೋಗಿ ಬಂದರೆ, ಬಿಸಿಬಿಸಿ ಏನಾದರೂ ಕುಡಿದರೆ, ಮೀಟಿಂಗ್‌ನಲ್ಲಿ ಎದ್ದು ಮಾತಾಡಿದರೆ ಮುಖವೆಲ್ಲ ಕಾವೇರಿ ಉರಿಯುತ್ತದೆ. ಜೊತೆಗೆ ಸಣ್ಣ ಸಣ್ಣ ಗುಳ್ಳೆ. ಮೊಡವೆ ಅಂದುಕೊಂಡು ಮೊಡವೆಯ ಕ್ರೀಮು ಹಚ್ಚಿದೆ, ಚರ್ಮ ಸುಲಿದು ಉರಿ ಜಾಸ್ತಿ ಆಯಿತು. ಪರಿಚಯದವರು ಕೊಟ್ಟ ಇನ್ನೊಂದು ಕ್ರೀಮಿಗೆ ಮೂರೇ ದಿನಕ್ಕೆ ಮುಖ ತಿಳಿಯಾಯಿತು. ಆದರೆ ಬಿಟ್ಟ ಕೂಡಲೇ ಎರಡರಷ್ಟಾಗಿ ಬರುತ್ತದೆ, ಹಾಗಾಗಿ ಬಿಡಲೂ ಆಗುತ್ತಿಲ್ಲ. ಕಡೆಗೆ ಚರ್ಮದ ಡಾಕ್ಟರೊಬ್ಬರು ಇದು ರೊಸೇಶಿಯಾ ಎಂದು ಹೇಳಿ ಮೆಟ್ರೊನಿಡಜೋಲ್ ಜೆಲ್ ಬರೆದುಕೊಟ್ಟರು. ತಿಂಗಳಾಯಿತು. ಗುಳ್ಳೆ ಸ್ವಲ್ಪ ಇಳಿದಿದೆ, ಕೆಂಪು ಹಾಗೇ ಇದೆ. ನಿಜವಾಗಿ ಕೆಲಸ ಮಾಡುವ ಮದ್ದು ಯಾವುದು? ಮುಖಕ್ಕೆ ಏನು ಹಚ್ಚಬಹುದು, ಏನು ಹಚ್ಚಬಾರದು?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಆತಂಕ ತಂದದ್ದು ಒಂದೇ ಸಾಲು. ‘ಮೂರೇ ದಿನಕ್ಕೆ ಮುಖ ತಿಳಿಯಾಯಿತು.’ ರೊಸೇಶಿಯಾಕ್ಕೆ ಕೊಡುವ ಸರಿಯಾದ ಯಾವ ಮದ್ದೂ ಕೆಂಪು, ಗುಳ್ಳೆ, ಉರಿ ಎಲ್ಲವನ್ನೂ ಮೂರು ದಿನದಲ್ಲಿ ಇಳಿಸುವುದಿಲ್ಲ. ಅಷ್ಟು ಬೇಗ ಇಳಿಸುವುದು ಸ್ಟೀರಾಯ್ಡ್. ಆ ಟ್ಯೂಬ್ ತೆಗೆದು ಹಿಂದಿನ ಸಣ್ಣ ಅಕ್ಷರ ಓದಿ. ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೊಬೆಟಾಸಾಲ್, ಫ್ಲುಸಿನೊಲೋನ್, ಹೈಡ್ರೊಕಾರ್ಟಿಸೋನ್, ಇವುಗಳಲ್ಲಿ ಯಾವ ಹೆಸರಿದ್ದರೂ ಅದು ಸ್ಟೀರಾಯ್ಡೇ. ಏನೂ ಬರೆದಿರದ ಡಬ್ಬಿಯಾದರೆ ಅನುಮಾನ ಇನ್ನೂ ಜಾಸ್ತಿ ಪಡಬೇಕು.

ನನ್ನ ಹತ್ತಿರ ಬರುವವರ ಬ್ಯಾಗಿನಲ್ಲಿ ಈ ಟ್ಯೂಬ್ ಇದ್ದೇ ಇರುತ್ತದೆ. ತಳದಿಂದ ಸುರುಳಿ ಸುತ್ತಿ, ಹೆಸರು ಅಳಿಸಿಹೋಗುವಷ್ಟು ಹಿಂಡಿರುತ್ತಾರೆ. ಕೇಳುವ ತನಕ ಹೊರಗೆ ತೆಗೆಯುವುದಿಲ್ಲ, ಬೈಯುತ್ತೇನೆ ಅಂತ ಹೆದರಿಕೆ. ಬೈಯುವ ಮಾತೇ ಇಲ್ಲ. ಉರಿಯುವ ಮುಖಕ್ಕೆ ತಂಪು ಸಿಕ್ಕರೆ ಯಾರು ತಾನೇ ಬಿಡುತ್ತಾರೆ? ಆದರೆ ಅದು ಮಾಡುವ ಕೆಲಸ ಇಷ್ಟು. ರಕ್ತನಾಳಗಳನ್ನು ಬಿಗಿ ಮಾಡುತ್ತದೆ, ಉರಿಯೂತವನ್ನು ಅಡಗಿಸುತ್ತದೆ. ವಾರಗಟ್ಟಲೆ ಹಚ್ಚುತ್ತಾ ಹೋದರೆ ಚರ್ಮ ತೆಳುವಾಗುತ್ತದೆ, ಒಳಗಿನ ನಾಳಗಳು ಹೊರಗೆ ಕಾಣತೊಡಗುತ್ತವೆ. ರೊಸೇಶಿಯಾ ಇಲ್ಲದವರ ಮುಖದಲ್ಲೂ ಥೇಟ್ ರೊಸೇಶಿಯಾದಂಥದ್ದೇ ಕೆಂಪು, ಗುಳ್ಳೆ ಏಳಿಸುವ ಶಕ್ತಿ ಅದಕ್ಕಿದೆ. ಇದ್ದವರಿಗಂತೂ ಕೇಳಲೇಬೇಡಿ.

ಆ ಕ್ರೀಮಿನ ವಿಷಯ ನಿಮ್ಮ ಡಾಕ್ಟರಿಗೆ ಹೇಳಿದ್ದೀರಾ? ಪತ್ರ ನೋಡಿದರೆ ಹೇಳಿಲ್ಲ ಅನಿಸುತ್ತದೆ. ದಯವಿಟ್ಟು ಈ ವಾರವೇ ಟ್ಯೂಬ್ ಸಮೇತ ಹೋಗಿ ತೋರಿಸಿ. ಅದು ಎಷ್ಟು ಜೋರಿನದು, ಎಷ್ಟು ದಿನ ಹಚ್ಚಿದ್ದೀರಿ ಎಂಬುದನ್ನು ನೋಡಿ, ಒಮ್ಮೆಲೇ ನಿಲ್ಲಿಸುವುದೋ, ಹಂತಹಂತವಾಗಿ ಇಳಿಸುವುದೋ ಅವರು ಹೇಳುತ್ತಾರೆ. ನಿಲ್ಲಿಸಿದ ಮೇಲೆ ಕೆಲವು ವಾರ, ಕೆಲವರಿಗೆ ತಿಂಗಳುಗಳು, ಮುಖ ಕೆರಳುತ್ತದೆ. ಕಷ್ಟದ ದಿನಗಳೇ ಅವು. ಆ ಹೊತ್ತಿಗೆಂದೇ ಮಾತ್ರೆ, ಸ್ಟೀರಾಯ್ಡ್ ಇಲ್ಲದ ಬೇರೆ ಮುಲಾಮು ಕೊಡುವುದುಂಟು. ಕೆರಳಿತು ಅಂತ ಮತ್ತೆ ಅದನ್ನೇ ಹಚ್ಚಿದರೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಮೆಟ್ರೊನಿಡಜೋಲ್ ಕೆಲಸ ಮಾಡಿಲ್ಲ ಎಂದು ನೀವು ಬೇಸರಪಟ್ಟಿದ್ದೀರಿ. ಅದು ತನ್ನ ಕೆಲಸ ಮಾಡುತ್ತಿದೆ. ಅದರ ಕೆಲಸ ಗುಳ್ಳೆ ಇಳಿಸುವುದು, ಗುಳ್ಳೆಯ ಸುತ್ತಲಿನ ಕೆಂಪನ್ನು ಸ್ವಲ್ಪ ತಗ್ಗಿಸುವುದು. ಕೆನ್ನೆಯಲ್ಲಿ ಸದಾ ಇರುವ ಕೆಂಪಿಗೆ ಅದರಿಂದ ಹೆಚ್ಚೇನೂ ಆಗದು. ರೊಸೇಶಿಯಾ ಅನ್ನುವುದು ಒಂದೇ ಹೆಸರಿನಡಿ ಬರುವ ಹಲವು ತೊಂದರೆ. ಕಾವೇರಿ ಕೆಂಪಾಗಿ ಇಳಿದುಹೋಗುವುದು ಒಂದು, ಇಳಿಯದೆ ಉಳಿಯುವ ಕೆಂಪು ಇನ್ನೊಂದು. ಗುಳ್ಳೆ ಬೇರೆ, ದಾರದೆಳೆಯಂತೆ ಕಾಣುವ ನಾಳಗಳು ಬೇರೆ. ಮೂಗು ದಪ್ಪಗಾಗುವುದೂ ಇದೆ, ಕಣ್ಣಿನದೂ ಇದೆ. 2002ರಲ್ಲಿ ಅಮೆರಿಕದ ನ್ಯಾಷನಲ್ ರೊಸೇಶಿಯಾ ಸೊಸೈಟಿಯ ತಜ್ಞರು ಇದನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದರು. ಒಬ್ಬರಲ್ಲೇ ಎರಡು ಮೂರು ಬಗೆ ಬೆರೆತಿರುವುದು ಸಾಮಾನ್ಯ. ಹಾಗಾಗಿ 2017ರಲ್ಲಿ ಆ ವಿಂಗಡಣೆ ಬದಲಾಯಿತು. ಈಗ ಯಾವ ಮುಖದಲ್ಲಿ ಯಾವ್ಯಾವ ಲಕ್ಷಣ ಇದೆ ಎಂದು ಒಂದೊಂದಾಗಿ ನೋಡಿ, ಒಂದೊಂದಕ್ಕೂ ಮದ್ದು ಆರಿಸುತ್ತೇವೆ. ಡಾಕ್ಟರ್ ಹತ್ತಿರ ಹೋದಾಗ ‘ನನಗೆ ಜಾಸ್ತಿ ಕಾಡುತ್ತಿರುವುದು ಇದು’ ಎಂದು ಬೆರಳಿಟ್ಟು ತೋರಿಸಿ. ಅಲ್ಲಿಂದ ಶುರು ಮಾಡಿದರೆ ದಾರಿ ಸಲೀಸು.

ಗುಳ್ಳೆಗಳಿಗೆ ಹಚ್ಚುವ ಮದ್ದು ಮುಖ್ಯವಾಗಿ ಮೂರು: 0.75% ಮೆಟ್ರೊನಿಡಜೋಲ್, 15% ಅಜೆಲಾಯಿಕ್ ಆಸಿಡ್ ಜೆಲ್, 1% ಐವರ್ಮೆಕ್ಟಿನ್ ಕ್ರೀಮು. ನನ್ನ ಒಲವು ಐವರ್ಮೆಕ್ಟಿನ್ ಕಡೆಗೆ. ದಿನಕ್ಕೆ ಒಂದೇ ಸಲ ಹಚ್ಚಿದರೆ ಸಾಕು, ಚರ್ಮವನ್ನು ಕೆರಳಿಸುವುದು ಕಡಿಮೆ. ಮೆಟ್ರೊನಿಡಜೋಲ್ ಜೊತೆ 16 ವಾರ ಹೋಲಿಸಿ ನೋಡಿದ ಅಧ್ಯಯನದಲ್ಲೂ ಇದರದೇ ಮೇಲುಗೈ. ಎಲ್ಲರ ಚರ್ಮದಲ್ಲೂ ಡೆಮೊಡೆಕ್ಸ್ ಎಂಬ ಕಣ್ಣಿಗೆ ಕಾಣದ ಹುಳ ಇರುತ್ತದೆ, ರೊಸೇಶಿಯಾ ಇರುವವರಲ್ಲಿ ಅದು ಜಾಸ್ತಿ. ಐವರ್ಮೆಕ್ಟಿನ್ ಅದನ್ನು ತಗ್ಗಿಸುತ್ತದೆ, ಉರಿಯೂತವನ್ನೂ ಇಳಿಸುತ್ತದೆ. ಹುಳ ಅಂದ ಕೂಡಲೇ ಮುಖ ತಿಕ್ಕಿ ತೊಳೆಯಲು ಹೋಗಬೇಡಿ. ಇದು ಕೊಳೆಯಿಂದ ಬರುವುದಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಅಲ್ಲ. ಅಜೆಲಾಯಿಕ್ ಆಸಿಡ್ ಒಳ್ಳೆಯದೇ, ಗುಳ್ಳೆ ಬಿಟ್ಟುಹೋದ ಕಂದು ಕಲೆಗೂ ಆಗುತ್ತದೆ. ಆದರೆ ಮೊದಮೊದಲು ಚುರುಗುಟ್ಟುತ್ತದೆ, ಈಗಿನ ನಿಮ್ಮ ಚರ್ಮ ಅದನ್ನು ತಾಳಲಿಕ್ಕಿಲ್ಲ.

ಗುಳ್ಳೆ ಜಾಸ್ತಿ ಇದ್ದರೆ ಡಾಕ್ಸಿಸೈಕ್ಲಿನ್ ಮಾತ್ರೆ ಸೇರಿಸುತ್ತೇವೆ. ನಿಧಾನವಾಗಿ ಕರಗುವ 40 ಮಿಲಿಗ್ರಾಂ ಪ್ರಮಾಣದಲ್ಲಿ ಅದು ಉರಿಯೂತವನ್ನಷ್ಟೇ ಇಳಿಸುತ್ತದೆ, ಬ್ಯಾಕ್ಟೀರಿಯಾ ಕೊಲ್ಲುವ ಮಟ್ಟಕ್ಕೆ ಹೋಗುವುದಿಲ್ಲ. ಲೋಟ ತುಂಬ ನೀರಿನ ಜೊತೆ ನುಂಗಬೇಕು, ನುಂಗಿದ ಕೂಡಲೇ ಮಲಗಬಾರದು. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ. ಗರ್ಭಿಣಿಯರಿಗೆ ಇದು ಬೇಡ.

ಇನ್ನು ಉಳಿದ ಕೆಂಪು. ಇದಕ್ಕೆ 0.33% ಬ್ರಿಮೊನಿಡಿನ್ ಜೆಲ್, 1% ಆಕ್ಸಿಮೆಟಜೋಲಿನ್ ಕ್ರೀಮು ಇವೆ. ರಕ್ತನಾಳವನ್ನು ಕೆಲವು ಗಂಟೆ ಬಿಗಿ ಮಾಡುತ್ತವೆ. ಅಷ್ಟು ಹೊತ್ತು ಮುಖ ತಿಳಿಯಾಗಿರುತ್ತದೆ, ಆಮೇಲೆ ಕೆಂಪು ವಾಪಸ್. ಬ್ರಿಮೊನಿಡಿನ್ ಇಳಿಯುವಾಗ ಕೆಲವರಿಗೆ ಮೊದಲಿಗಿಂತ ಜಾಸ್ತಿ ಕೆಂಪಾಗುತ್ತದೆ. ಸ್ಟೀರಾಯ್ಡ್‌ನಿಂದ ಈಗಾಗಲೇ ನೊಂದ ಚರ್ಮಕ್ಕೆ ನಾನು ಇದನ್ನು ಮೊದಲು ಬರೆಯುವುದಿಲ್ಲ. ಎಳೆಎಳೆಯಾಗಿ ಕಾಣುವ ನಾಳಗಳಿಗಂತೂ ಕ್ರೀಮು ಯಾವುದೂ ನಾಟದು. ಅದಕ್ಕೆ ಪಲ್ಸ್ಡ್ ಡೈ ಲೇಸರ್ ಅಥವಾ ಐಪಿಎಲ್ (ಜೋರು ಬೆಳಕನ್ನು ಬಿಟ್ಟುಬಿಟ್ಟು ಹಾಯಿಸುವ ಚಿಕಿತ್ಸೆ) ಬೇಕು. ಒಂದು ಸಿಟ್ಟಿಂಗ್‌ಗೆ ಮುಗಿಯುವುದಿಲ್ಲ, ವರ್ಷಗಳ ನಂತರ ಮತ್ತೆ ಮಾಡಿಸಬೇಕಾಗಬಹುದು. ಗುಳ್ಳೆ, ಉರಿ ಹತೋಟಿಗೆ ಬಂದ ಮೇಲೆಯೇ ಲೇಸರ್ ಯೋಚನೆ ಮಾಡಿ.

ಒಂದು ತಿಂಗಳಿಗೇ ತೀರ್ಮಾನಕ್ಕೆ ಬರಬೇಡಿ. ಹಚ್ಚುವ ಮದ್ದಿಗೆ ಕಡಿಮೆಯೆಂದರೂ 8ರಿಂದ 12 ವಾರ ಕೊಡಬೇಕು. ಕಿಟಕಿಯ ಹತ್ತಿರ, ಅದೇ ಜಾಗದಲ್ಲಿ, ಅದೇ ಹೊತ್ತಿಗೆ ಆಗಾಗ ಫೋಟೊ ತೆಗೆದಿಡಿ. ದಿನಾ ಕನ್ನಡಿ ನೋಡುವವರಿಗೆ ಆಗುತ್ತಿರುವ ಬದಲಾವಣೆ ಗೊತ್ತೇ ಆಗುವುದಿಲ್ಲ. ಇದು ಪೂರ್ತಿ ಬಿಟ್ಟುಹೋಗುವ ಕಾಯಿಲೆಯಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಆದರೆ ಮುಖ ತಿಳಿಯಾಗಿ, ಉರಿಯ ನೆನಪೇ ಇಲ್ಲದೆ ಎಷ್ಟೋ ತಿಂಗಳು ಇರುವ ಹಾಗೆ ಹತೋಟಿಗೆ ತರಬಹುದು.

ದಿನದ ಆರೈಕೆ ವಿಷಯದಲ್ಲಿ ನಾನು ಸ್ವಲ್ಪ ಹಟದವಳು. ಶೆಲ್ಫಿನಲ್ಲಿ ಇರುವುದನ್ನೆಲ್ಲ ಪಕ್ಕಕ್ಕಿಡಿ. ಸ್ಕ್ರಬ್, ಟೋನರ್, ವಿಟಮಿನ್ ಸಿ ಸೀರಮ್, ರೆಟಿನಾಲ್, ಗ್ಲೈಕಾಲಿಕ್ ಆಸಿಡ್, ಮುಖಕ್ಕೆ ಹಬೆ, ಐಸ್ ಉಜ್ಜುವುದು, ಯಾವುದೂ ಸದ್ಯಕ್ಕೆ ಬೇಡ. ಮೆಂಥಾಲ್, ಕರ್ಪೂರ, ನೀಲಗಿರಿ ಎಣ್ಣೆ ಇರುವವು ಹಚ್ಚಿದಾಗ ತಂಪು ಅನಿಸುತ್ತವೆ, ಆಮೇಲೆ ಕೆರಳಿಸುತ್ತವೆ. ನಿಂಬೆ ರಸ, ಅಡುಗೆ ಸೋಡಾ ಮುಖದ ಹತ್ತಿರಕ್ಕೂ ಬರಬಾರದು. ‘ನ್ಯಾಚುರಲ್’ ಎಂದು ಬರೆದಿದ್ದರೆ ಚರ್ಮ ಒಪ್ಪಿಕೊಳ್ಳುತ್ತದೆ ಅಂತೇನಿಲ್ಲ.

ಉಳಿಯುವುದು ಮೂರೇ. ಸೋಪಿನ ಅಂಶವಿಲ್ಲದ, ವಾಸನೆಯಿಲ್ಲದ ಫೇಸ್‌ವಾಶ್. ಗ್ಲಿಸರಿನ್, ಸೆರಮೈಡ್ ಇರುವ, ಅದೂ ವಾಸನೆಯಿಲ್ಲದ ಮಾಯಿಶ್ಚರೈಸರ್. ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಮೇಲಿನ ಸನ್‌ಸ್ಕ್ರೀನ್, ಅದರಲ್ಲಿ ಜಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡಯಾಕ್ಸೈಡ್ ಇದ್ದರೆ ಒಳ್ಳೆಯದು. ಬೇರೆ ಬಗೆಯ ಸನ್‌ಸ್ಕ್ರೀನ್ ಈ ಚರ್ಮಕ್ಕೆ ಹಲವು ಸಲ ಚುರುಗುಟ್ಟುತ್ತದೆ. ಬಣ್ಣ ಬೆರೆತ ಸನ್‌ಸ್ಕ್ರೀನ್ ತಗೊಂಡರೆ ಬಿಳಿಬಿಳಿ ಪದರ ಕಾಣುವುದಿಲ್ಲ, ಕೆಂಪೂ ಸ್ವಲ್ಪ ಮುಚ್ಚುತ್ತದೆ.

ಹಚ್ಚುವ ರೀತಿಯೂ ಮುಖ್ಯ. ಉಗುರುಬೆಚ್ಚಗಿನ ನೀರಿನಲ್ಲಿ, ಬೆರಳ ತುದಿಯಿಂದಲೇ ತೊಳೆಯಿರಿ. ಟವೆಲ್‌ನಿಂದ ಉಜ್ಜದೆ ಒತ್ತಿ ನೀರು ಹೀರಿಸಿ. ಆಮೇಲೆ ಸುಮ್ನೆ ಸ್ವಲ್ಪ ಹೊತ್ತು ಬಿಡಿ. ಒದ್ದೆ ಮುಖಕ್ಕೆ ಮದ್ದು ಹಚ್ಚಿದರೆ ಚುರುಗುಟ್ಟುವುದು ಜಾಸ್ತಿ. ಬಟಾಣಿ ಕಾಳಿನಷ್ಟು ಮದ್ದು ತೆಗೆದುಕೊಂಡು ಹಣೆ, ಮೂಗು, ಗಲ್ಲ, ಎರಡು ಕೆನ್ನೆಗೆ ಒಂದೊಂದು ಚುಕ್ಕೆ ಇಟ್ಟು ತೆಳುವಾಗಿ ಹರಡಿ. ಎದ್ದ ಗುಳ್ಳೆಯ ಮೇಲಷ್ಟೇ ಮುಟ್ಟಿಸಿದರೆ ಸಾಲದು. ಅದರ ಮೇಲೆ ಮಾಯಿಶ್ಚರೈಸರ್. ಮದ್ದೇ ಉರಿಸಿದರೆ ಮೊದಲು ಮಾಯಿಶ್ಚರೈಸರ್ ಹಚ್ಚಿ, ಅದರ ಮೇಲೆ ಮದ್ದು ಹಚ್ಚಿದರೂ ನಡೆಯುತ್ತದೆ. ಹೊಸದು ಏನೇ ತಂದರೂ ಕೆಲವು ದಿನ ಕುತ್ತಿಗೆಯ ಪಕ್ಕ ಹಚ್ಚಿ ನೋಡಿ. ಎರಡು ಹೊಸದನ್ನು ಒಟ್ಟಿಗೆ ಶುರು ಮಾಡಬೇಡಿ. ಕೆರಳಿದರೆ ಯಾವುದರಿಂದ ಅಂತ ಗೊತ್ತಾಗಬೇಕಲ್ವಾ?

ಯಾವುದು ಕೆರಳಿಸುತ್ತದೆ ಎಂಬುದು ಒಬ್ಬೊಬ್ಬರಿಗೆ ಒಂದೊಂದು. ಬಿಸಿಲು ಹೆಚ್ಚುಕಮ್ಮಿ ಎಲ್ಲರಿಗೂ. ಆಮೇಲೆ ಸೆಕೆ, ಖಾರ, ಮದ್ಯ, ಬಿಸಿ ಸ್ನಾನ, ಜೋರು ವ್ಯಾಯಾಮ, ಮನಸ್ಸಿನ ಒತ್ತಡ. ಬಿಸಿ ಪಾನೀಯ ಬಿಡಬೇಕಿಲ್ಲ, ಆರಿಸಿ ಕುಡಿಯಿರಿ. ಪಟ್ಟಿಯಲ್ಲಿ ಇರುವುದನ್ನೆಲ್ಲ ಬಿಟ್ಟು ಸಪ್ಪೆ ಬದುಕು ಬದುಕಬೇಡಿ. ನಿಮಗೆ ಯಾವುದು ಆಗುವುದಿಲ್ಲ ಎಂದು ಬರೆದಿಟ್ಟುಕೊಂಡು ಅದನ್ನಷ್ಟೇ ನೋಡಿಕೊಳ್ಳಿ. ಮೀಟಿಂಗ್‌ನಲ್ಲಿ ಮುಖ ಕಾವೇರುವುದಕ್ಕೆ ನಿಮ್ಮ ಅಂಜಿಕೆಯೊಂದೇ ಕಾರಣ ಅಂದುಕೊಳ್ಳಬೇಡಿ. ನಿಮ್ಮ ಮುಖದ ನರ ಮತ್ತು ರಕ್ತನಾಳಗಳು ಬೇರೆಯವರಿಗಿಂತ ಬೇಗ ಪ್ರತಿಕ್ರಿಯೆ ತೋರಿಸುತ್ತವೆ. ಆ ಕಾವೇ ಬಹಳ ಕಾಡಿದರೆ ಅದಕ್ಕೂ ಮಾತ್ರೆಗಳಿವೆ, ಡಾಕ್ಟರನ್ನು ಕೇಳಿ.

ಪ್ರಶ್ನೆ: ನನ್ನದು ಕಪ್ಪು ಮೈಬಣ್ಣ. ಕೆನ್ನೆ ಉರಿಯುತ್ತದೆ, ಗುಳ್ಳೆ ಏಳುತ್ತವೆ, ಯಾವ ಕ್ರೀಮು ಹಚ್ಚಿದರೂ ಚುರುಗುಟ್ಟುತ್ತದೆ. ಆದರೆ ಕೆಂಪು ಕಾಣುವುದೇ ಇಲ್ಲ. ರೊಸೇಶಿಯಾ ಬಿಳಿ ಚರ್ಮದವರಿಗೆ ಮಾತ್ರ ಬರುತ್ತದೆ ಅನ್ನುತ್ತಾರೆ, ನಿಜವೇ?

ಉತ್ತರ: ನಿಜವಲ್ಲ. ಈ ಮಾತಿನಿಂದಲೇ ಎಷ್ಟೋ ಜನ ವರ್ಷಗಟ್ಟಲೆ ಮೊಡವೆಯ ಮದ್ದು ಹಚ್ಚಿಕೊಂಡು ಸಂಕಟಪಡುತ್ತಾರೆ. ನನಗೆ ಇದು ತುಂಬ ಬೇಸರದ ವಿಷಯ. ಕಪ್ಪು, ಗೋಧಿ ಬಣ್ಣದ ಚರ್ಮದಲ್ಲಿ ಕೆಂಪು ಅಷ್ಟಾಗಿ ತೋರುವುದಿಲ್ಲ. ಕಂದು ಅಥವಾ ನೇರಳೆ ಛಾಯೆಯಾಗಿ ಕಾಣಬಹುದು. ಹಾಗಾಗಿ ನಾನು ಕಣ್ಣಿಗಿಂತ ರೋಗಿಯ ಮಾತನ್ನು ಜಾಸ್ತಿ ನಂಬುತ್ತೇನೆ. ಮುಖ ಬಿಸಿಯಾಗುತ್ತದಾ? ಕೆಲವು ಸಲ ಕೇಳುವುದೇ ಬೇಕಾಗುವುದಿಲ್ಲ, ಹೊರಗೆ ಕಾಯುವಾಗಲೇ ಕೈಯಲ್ಲಿರುವ ಫೈಲಿನಿಂದ ಕೆನ್ನೆಗೆ ಗಾಳಿ ಬೀಸಿಕೊಳ್ಳುತ್ತಿರುತ್ತಾರೆ. ಆಮೇಲೆ ಗಾಜಿನ ಸ್ಲೈಡ್ ಒಂದನ್ನು ಕೆನ್ನೆಯ ಮೇಲೆ ಒತ್ತುತ್ತೇನೆ. ಒತ್ತಿದ ಜಾಗದ ರಕ್ತ ಸರಿದು ಬಣ್ಣ ತಿಳಿಯಾಗುತ್ತದೆ, ಬಿಟ್ಟಾಗ ತುಂಬಿಕೊಳ್ಳುತ್ತದೆ. ಬರಿಗಣ್ಣಿಗೆ ಕಾಣದ ಕೆಂಪು ಆಗ ಗೊತ್ತಾಗುತ್ತದೆ.

ಮೊಡವೆಯಾದರೆ ಬ್ಲ್ಯಾಕ್‌ಹೆಡ್ ಇರುತ್ತವೆ, ರೊಸೇಶಿಯಾದಲ್ಲಿ ಇರುವುದಿಲ್ಲ. ಎರಡೂ ಒಟ್ಟಿಗೇ ಇರುವವರೂ ಉಂಟು, ಅದಕ್ಕೇ ಡಾಕ್ಟರಿಗೆ ತೋರಿಸಿ ಅನ್ನುವುದು. ಕೆನ್ನೆ ಮೇಲಿನ ದದ್ದಿನ ಜೊತೆ ಕೀಲುನೋವು, ಜ್ವರ, ಬಾಯಿಹುಣ್ಣು ಇದ್ದರೆ ಲೂಪಸ್ (ದೇಹದ ರೋಗನಿರೋಧಕ ಶಕ್ತಿ ದೇಹದ ಮೇಲೇ ತಿರುಗಿಬೀಳುವ ಕಾಯಿಲೆ) ಇದೆಯೇ ಎಂದೂ ಪರೀಕ್ಷಿಸಬೇಕು. ಮದ್ದು ಮೇಲೆ ಹೇಳಿದ್ದೇ. ನಿಮ್ಮ ಬಣ್ಣದವರಿಗೆ ಲೇಸರ್ ಮಾಡಿಸುವಾಗ ಮಾತ್ರ ಕಲೆ ಉಳಿಯುವ ಅಪಾಯ ಜಾಸ್ತಿ. ಕಪ್ಪು ಚರ್ಮಕ್ಕೆ ಲೇಸರ್ ಮಾಡಿ ಅನುಭವ ಇರುವವರ ಹತ್ತಿರವೇ ಹೋಗಿ.

ಪ್ರಶ್ನೆ: ನಮ್ಮ ತಂದೆಗೆ ಮೂಗು ವರ್ಷ ವರ್ಷಕ್ಕೂ ದಪ್ಪಗಾಗಿ ಗಂಟುಗಂಟಾಗುತ್ತಿದೆ. ಅವರು ಕುಡಿಯುವವರೇ ಅಲ್ಲ, ಆದರೂ ಜನ ಹಾಗೆ ಮಾತಾಡುತ್ತಾರೆ. ಹೊರಗೆ ಹೋಗುವುದನ್ನೇ ಬಿಟ್ಟಿದ್ದಾರೆ.

ಉತ್ತರ: ಇದು ಮೇಲೆ ಹೇಳಿದ, ಮೂಗು ದಪ್ಪಗಾಗುವ ಬಗೆಯ ರೊಸೇಶಿಯಾ ಇರಬಹುದು. ಕುಡಿತದಿಂದಲೇ ಇದು ಬರುತ್ತದೆ ಎನ್ನುವುದು ಸುಳ್ಳು. ಒಂದು ತೊಟ್ಟೂ ಕುಡಿಯದವರಿಗೂ ಬರುತ್ತದೆ, ಗಂಡಸರಿಗೆ ಜಾಸ್ತಿ. ಆ ಮಾತನ್ನು ಅವರ ಎದುರಿಗೇ ಒಬ್ಬ ಡಾಕ್ಟರ್ ಬಾಯಿಂದ ಹೇಳಿಸಿ, ಮನಸ್ಸು ಅರ್ಧ ಹಗುರಾಗುತ್ತದೆ. ಶುರುವಿನ ಹಂತದಲ್ಲಿ ಕಡಿಮೆ ಪ್ರಮಾಣದ ಐಸೊಟ್ರೆಟಿನಾಯಿನ್ ಮಾತ್ರೆ ನೆರವಾಗಬಹುದು. ಗಂಟು ಕಟ್ಟಿದ ಮೇಲೆ ಕಾರ್ಬನ್ ಡಯಾಕ್ಸೈಡ್ ಲೇಸರ್ ಅಥವಾ ಶಸ್ತ್ರಚಿಕಿತ್ಸೆಯಲ್ಲಿ ಹೆಚ್ಚಿನ ಭಾಗವನ್ನು ಹೆರೆದು ಮೂಗಿಗೆ ಆಕಾರ ಕೊಡುತ್ತಾರೆ. ಫಲಿತಾಂಶ ಚೆನ್ನಾಗಿರುತ್ತದೆ. ಒಂದು ಕಡೆ ಮಾತ್ರ ಬೇಗಬೇಗ ಬೆಳೆಯುತ್ತಿದ್ದರೆ ಅಥವಾ ಮಾಯದ ಹುಣ್ಣಿದ್ದರೆ ತಡ ಮಾಡದೆ ತೋರಿಸಿ, ತುಣುಕು ತೆಗೆದು ಪರೀಕ್ಷಿಸಬೇಕಾಗಬಹುದು.

ಪ್ರಶ್ನೆ: ರೊಸೇಶಿಯಾ ಹತೋಟಿಯಲ್ಲಿದೆ. ಆದರೆ ಕಣ್ಣಲ್ಲಿ ಮರಳು ಬಿದ್ದ ಹಾಗೆ, ರೆಪ್ಪೆಯ ಅಂಚಿನಲ್ಲಿ ಪದೇಪದೇ ಕುರು. ಸಂಬಂಧ ಇದೆಯೇ?

ಉತ್ತರ: ಇದೆ. ಚರ್ಮದಲ್ಲಿ ಏನೂ ಕಾಣದಿದ್ದರೂ ಕಣ್ಣಿಗೆ ಬರಬಹುದು. ಬೆಚ್ಚಗಿನ ಒದ್ದೆ ಬಟ್ಟೆಯನ್ನು ಮುಚ್ಚಿದ ರೆಪ್ಪೆಯ ಮೇಲೆ ಐದು ನಿಮಿಷ ಇಡಿ. ಆಮೇಲೆ ರೆಪ್ಪೆಯ ಅಂಚನ್ನು ಮೆಲ್ಲಗೆ ಒರೆಸಿ. ದಿನಾ ಮಾಡಬೇಕು. ಬಟ್ಟೆ ಕೆನ್ನೆಗೆ ತಾಗದಿರಲಿ, ಕಾವಿಗೆ ಕೆನ್ನೆ ಕೆರಳುತ್ತದೆ. ಜೊತೆಗೆ ಕೃತಕ ಕಣ್ಣೀರಿನ ಹನಿ, ಸಾಲದಿದ್ದರೆ ಡಾಕ್ಸಿಸೈಕ್ಲಿನ್. ಒಮ್ಮೆ ಕಣ್ಣಿನ ಡಾಕ್ಟರಿಗೂ ತೋರಿಸಿ, ರೊಸೇಶಿಯಾ ಇರುವುದನ್ನು ನೀವಾಗಿಯೇ ಹೇಳಿ. ಕಣ್ಣು ನೋಯುತ್ತಿದ್ದರೆ, ಬೆಳಕು ನೋಡಲಾಗದಿದ್ದರೆ, ದೃಷ್ಟಿ ಮಂಜಾದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ಅದೇ ದಿನ ಹೋಗಿ.