ನಾಲ್ಕು ವರ್ಕ್‌ಶಾಪ್ ಸೇರಿ ಹುಡುಗರಿಗೆ ಕೆಲಸ ಕಲಿಸಬಹುದೇ?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನನ್ನದೊಂದು ಚಿಕ್ಕ ವರ್ಕ್‌ಶಾಪ್ ಇದೆ. ಒಂಬತ್ತು ಜನ ಕೆಲಸಗಾರರು. ಪಳಗಿದ ಟರ್ನರ್, ಅಂದರೆ ಲೇತ್ ಯಂತ್ರದಲ್ಲಿ ಲೋಹ ಕಡೆಯುವ ಕೆಲಸಗಾರ, ಸಿಗುವುದೇ ಕಷ್ಟ. ಅಕ್ಕಪಕ್ಕದ ಮೂವರು ಮಾಲೀಕರದ್ದೂ ಇದೇ ಗೋಳು. ನಾಲ್ವರೂ ಸೇರಿ ಹೊಸ ಹುಡುಗರನ್ನು ತಯಾರು ಮಾಡೋಣ ಅಂತಿದ್ದೇವೆ. ಸರ್ಕಾರದ ದುಡ್ಡು ಸಿಗುತ್ತದೆಯೇ?

ಉತ್ತರ: ಸಿಗುತ್ತದೆ, ಆದರೆ ದೊಡ್ಡ ಮೊತ್ತವಲ್ಲ. ನಿಮ್ಮ ಪತ್ರದಲ್ಲಿ ನನಗೆ ತುಂಬಾ ಹಿಡಿಸಿದ್ದು ‘ನಾಲ್ವರೂ ಸೇರಿ’ ಎಂಬ ಮಾತು. ಕೆಲಸ ಮಾಡುತ್ತಲೇ ಕಲಿಯುವವರನ್ನು ಅಪ್ರೆಂಟಿಸ್ ಎನ್ನುತ್ತಾರೆ. 1961ರ ಅಪ್ರೆಂಟಿಸ್ ಕಾಯ್ದೆಯ 8ನೇ ಕಲಮಿನಲ್ಲೇ ಇದಕ್ಕೆ ಅವಕಾಶವಿದೆ. ಹಲವು ಮಾಲೀಕರು ತಾವೇ ಕೂಡಿಕೊಂಡು, ಇಲ್ಲವೇ ಒಪ್ಪಿಗೆ ಪಡೆದ ಏಜೆನ್ಸಿಯ ಮೂಲಕ ತರಬೇತಿ ಕೊಡಬಹುದು.

ನಿಮ್ಮಂಥವರಿಗೆ ಇದು ಯಾಕೆ ಬೇಕು ನೋಡಿ. 4ರಿಂದ 29 ಜನರಿರುವ ಘಟಕಕ್ಕೆ ಅಪ್ರೆಂಟಿಸ್ ತೆಗೆದುಕೊಳ್ಳುವುದು ಕಡ್ಡಾಯವಲ್ಲ, ಇಷ್ಟವಿದ್ದರೆ ತೆಗೆದುಕೊಳ್ಳಬಹುದು. ಮಿತಿ ಒಟ್ಟು ಸಿಬ್ಬಂದಿಯ 15%. ಅಂದರೆ ನಿಮಗೆ ಸಿಗುವುದು ಒಬ್ಬನೇ ಹುಡುಗ. ಅವನು ವರ್ಷವಿಡೀ ನಿಮ್ಮ ಲೇತ್ ಮುಂದೆಯೇ ನಿಂತರೆ ಲೇತ್ ಅಷ್ಟೇ ಕಲಿಯುತ್ತಾನೆ, ಅಲ್ವಾ? ಪಕ್ಕದವರಲ್ಲಿ ಮಿಲ್ಲಿಂಗ್ ಇರಬಹುದು, ಅವರಾಚೆ ಗ್ರೈಂಡಿಂಗ್ ಇರಬಹುದು. ಮೂರು ಮೂರು ತಿಂಗಳು ಒಂದೊಂದು ಕಡೆ ಇಟ್ಟರೆ ವರ್ಷದ ಕೊನೆಗೆ ಅವನ ಕೈಗೆ ಪೂರ್ತಿ ಕೆಲಸ ಬಂದಿರುತ್ತದೆ.

ಈಗ ದುಡ್ಡಿನ ಮಾತು. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಲ್ಲಿ ಕೇಂದ್ರ ಸರ್ಕಾರ ಸ್ಟೈಪೆಂಡಿನ (ಕಲಿಯುವಾಗ ಹುಡುಗನಿಗೆ ಕೊಡುವ ತಿಂಗಳ ಭತ್ಯೆಯ) 25% ಕೊಡುತ್ತದೆ, ತಿಂಗಳಿಗೆ ಹೆಚ್ಚೆಂದರೆ 1,500 ರೂಪಾಯಿ. 2023ರಿಂದ ಇದು ನೇರವಾಗಿ ಹುಡುಗನ ಖಾತೆಗೇ ಹೋಗುತ್ತಿದೆ. ನಾಲ್ವರು ಹುಡುಗರಿಗೆ ತಿಂಗಳಿಗೆ ತಲಾ 8,000 ಎಂದಿಟ್ಟುಕೊಳ್ಳಿ. ಒಟ್ಟು 32,000. ಸರ್ಕಾರದ ಪಾಲು 6,000, ಉಳಿದ 26,000 ನೀವು ನಾಲ್ವರು ಮಾಲೀಕರದ್ದು. ಸುಮ್ನೆ ಸಬ್ಸಿಡಿ ಆಸೆಗೆ ಇಳಿದರೆ ಲೆಕ್ಕ ಕೂಡುವುದಿಲ್ಲ. ಅಗ್ಗದ ಆಳು ಸಿಕ್ಕ ಎಂದು ಕಸ ಗುಡಿಸಲು ಹಚ್ಚಿದರಂತೂ ಹುಡುಗನಿಗೂ ನಷ್ಟ, ನಿಮಗೂ ನಷ್ಟ.

ಜಾಸ್ತಿ ಘಟಕಗಳು ಕೂಡಿದರೆ ಇನ್ನೊಂದು ದಾರಿಯಿದೆ. ಕಿರು ಮತ್ತು ಸಣ್ಣ ಉದ್ಯಮಗಳ ಕ್ಲಸ್ಟರ್ (ಒಂದೇ ಕಡೆಯ ಘಟಕಗಳ ಗುಂಪು) ಯೋಜನೆಯಲ್ಲಿ ಎಲ್ಲರೂ ಬಳಸುವ ಯಂತ್ರ, ಪರೀಕ್ಷಾ ಲ್ಯಾಬ್, ತರಬೇತಿ ಕೇಂದ್ರಕ್ಕೆ ಅನುದಾನವಿದೆ. ಅದಕ್ಕೆ ಎಲ್ಲರೂ ಸೇರಿ ಒಂದು ಸಂಸ್ಥೆ ಕಟ್ಟಬೇಕು, ಜಾಗ ಬೇಕು, ನಿಮ್ಮ ಪಾಲೂ ಹಾಕಬೇಕು. ಬೆಳಗಾವಿಯ ಫೌಂಡ್ರಿಯವರು (ಲೋಹ ಕರಗಿಸಿ ಎರಕ ಹೊಯ್ಯುವವರು) ಬೇರೊಂದು ಕೇಂದ್ರ ಯೋಜನೆಯ ನೆರವಿನಿಂದ ಹೀಗೆ ಒಟ್ಟಾಗಿದ್ದಾರೆ. ಒಮ್ಮೆ ಹೋಗಿ ನೋಡಿ ಬನ್ನಿ. ಆದರೆ ಶುರುವಿಗೇ ಅಷ್ಟು ದೊಡ್ಡದಕ್ಕೆ ಕೈ ಹಾಕಬೇಡಿ.

ಒಂದು ಎಚ್ಚರಿಕೆ. ಕೆಲಸದಲ್ಲಿ ಅಪ್ರೆಂಟಿಸ್‌ಗೆ ಗಾಯವಾದರೆ ಪರಿಹಾರದ ಹೊಣೆ ಮಾಲೀಕರದ್ದು. ಹುಡುಗ ಯಾವ ತಿಂಗಳು ಯಾರ ಬಳಿ ಇರುತ್ತಾನೆ, ಸ್ಟೈಪೆಂಡ್ ಯಾರು ಕೊಡುತ್ತಾರೆ, ಎಲ್ಲವನ್ನೂ ಬರೆದಿಟ್ಟುಕೊಳ್ಳಿ. ಕರಾರು ಕೇಂದ್ರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ಆಗಬೇಕು. ಮೊದಲು ಊರಿನ ಸರ್ಕಾರಿ ಐಟಿಐಗೆ ಹೋಗಿ ವಿಚಾರಿಸಿ. ಹೋಗುವಾಗ ನಾಲ್ವರೂ ಹೋಗಿ.